ಮಳೆಯ ಸದ್ದಿಗೆ ಮಲಗಿದ ಇಲಿ

ಮಂಚದ ಕೆಳಗಿನ ಇಲಿ ಕಣ್ಣು ಮುಚ್ಚಿದರೆ ಸಾಕು, ಬೆಕ್ಕು ತಳ್ಳಿದ ಬಾಗಿಲು ಕಿರ್ರೆನ್ನುತ್ತಿತ್ತು. ಎದೆ ಝಲ್ಲೆಂದು ಇಲಿ ಬಿಲಕ್ಕೆ ಓಡುತ್ತಿತ್ತು.

"ಬಾಗಿಲಣ್ಣ, ನಿನ್ನ ಕಿರುಚಾಟಕ್ಕೆ ನನ್ನ ಜೀವವೇ ಹಾರಿಹೋಗುತ್ತದೆ!" ಎಂದು ರೇಗಿದ ಇಲಿ, ಮಳೆಯ ಸದ್ದು ಮಾಡಿ ಮನೆಯೊಡತಿಯನ್ನು ಮಲಗಿಸುವ ಯಂತ್ರದ ಮೊರೆಹೋಯಿತು. "ಆ ಹಾಳು ಸದ್ದು ನನಗೆ ಕೇಳಿಸದಂತೆ ಮಾಡು, ತಾಯಿ."

"ಸದ್ದನ್ನು ಮುಚ್ಚಬಲ್ಲೆ. ನನ್ನ ಕೈಲಾಗುವುದು ಅಷ್ಟೇ," ಎಂದಿತು ಯಂತ್ರ.

"ನನಗೆ ಅಷ್ಟೇ ಸಾಕು."

ಯಂತ್ರ ಜೋರಾಗಿ ಮಳೆ ಸುರಿಸಿತು. ಎಷ್ಟೋ ಕಾಲದ ಮೇಲೆ ಇಲಿ ಮೈಮರೆತು ಮಲಗಿತು.

ಇದ್ದಕ್ಕಿದ್ದಂತೆ ಕರೆಂಟು ಹೋಗಿ ಮಳೆ ನಿಂತಿತು. ಇಲಿ ಕಣ್ಣು ಬಿಟ್ಟಿತು. ಬಾಗಿಲು ತೆರೆದಿತ್ತು. ಬಿಲದ ಬಾಯಿಗೆ ಅಡ್ಡಲಾಗಿ ಬೆಕ್ಕು ಕೂತಿತ್ತು.

"ಬಾಗಿಲಣ್ಣ, ಯಾಕೆ ಕೂಗಲಿಲ್ಲ?" ಎಂದು ಇಲಿ ನಡುಗಿತು.

"ಕೂಗಿದೆ ತಂಗಿ," ಎಂದಿತು ಬಾಗಿಲು. "ಗಂಟಲು ಹರಿಯುವ ಹಾಗೆ ಕೂಗಿದೆ."