ಸೂತಕದ ಮನೆಯ ಗಂಟು

ತಂತ್ರಾಂಶ ಬರೆಯುವ ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಗಿರಾಕಿಯ ಕೆಲಸ ಹಗುರಾಗಲೆಂದು ನಾವು ಹೊಸದನ್ನು ಕಟ್ಟಿಕೊಡುತ್ತೇವೆ. ಅವರು ತಮ್ಮ ಹಳೆಯ ಪದ್ಧತಿ ಬಿಡುವುದಿಲ್ಲ. ಬಿಡಿಸುವುದು ಹೇಗೆ?"

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಒಬ್ಬ ಮಡಿವಾಳಗಿತ್ತಿ ಅರವತ್ತು ಮನೆಗಳ ಬಟ್ಟೆ ಒಗೆಯುತ್ತಿದ್ದಳು. ತಂತ್ರಾಂಶದವನೊಬ್ಬ ಬಂದ. ದಿನಕ್ಕೆ ಎಷ್ಟು ಗಂಟು ಬರುತ್ತವೆ ಎಂದು ಕೇಳಿ ಬರೆದುಕೊಂಡ. ನೀರಿಗೆ ಇಳಿಯಲಿಲ್ಲ, ಒಂದು ಬಟ್ಟೆ ಮುಟ್ಟಲಿಲ್ಲ. ಓದಿದವನಲ್ಲವೇ, ಅಷ್ಟರಲ್ಲೇ ಎಲ್ಲ ತಿಳಿಯಿತು. ಅವಳ ಫೋನಿಗೆ ಒಂದು ತಂತ್ರಾಂಶ ಕಟ್ಟಿಕೊಟ್ಟ: ಮೊದಲು ಬಂದ ಗಂಟು ಮೊದಲು. ಫೋನ್ ಹೇಳಿದ್ದನ್ನು ಅವಳು ಒಗೆಯಬೇಕು. ಸರದಿ ತಪ್ಪಿಸಿದರೆ ಫೋನ್ ಮಡಿವಾಳರ ಸಂಘಕ್ಕೆ ದೂರು ಕೊಡುತ್ತದೆ.

ಆ ವಾರ ಒಂದು ಮನೆಯಲ್ಲಿ ಸಾವಾಯಿತು. ಮನೆಯ ಬಟ್ಟೆಯೆಲ್ಲ ಒಗೆದು ಬರದೆ ಸೂತಕ ಕಳೆಯದು. ಹತ್ತನೆಯ ದಿನ ಅವಳಿಗೆ ಕೊಟ್ಟ ಆ ಗಂಟು ಫೋನಿನ ಸರದಿಯಲ್ಲಿ ನಲವತ್ತೊಂದನೆಯದು. ಹನ್ನೊಂದನೆಯ ದಿನ ಬಂಧುಗಳೆಲ್ಲ ಬಂದು ಕೂತರು. ಬಟ್ಟೆ ಬರಲಿಲ್ಲ. ಆ ಮನೆಯಿದ್ದ ಇಡೀ ಬೀದಿ ಅವಳಿಗೆ ಬಟ್ಟೆ ಹಾಕುವುದನ್ನು ನಿಲ್ಲಿಸಿತು.

ತಂತ್ರಾಂಶದವನು ಓಡಿಬಂದ. "ಸಾವಿನ ಮನೆಯದು ಮೊದಲು ಅಂತ ನನಗೇಕೆ ಹೇಳಲಿಲ್ಲಮ್ಮ?"

"ಎಷ್ಟು ಗಂಟು ಅಂದಿರಿ, ಹೇಳಿದೆ ಸ್ವಾಮಿ. ಯಾರ ಗಂಟು ಅಂತ ನಿಮ್ಮ ಫೋನಾದರೂ ಕೇಳೀತು ಅಂದುಕೊಂಡಿದ್ದೆ."

ಮರುದಿನ ಬೆಳಗ್ಗೆ ಅವನು ಅವಳ ಒಗೆಯುವ ಕಲ್ಲಿನ ಪಕ್ಕ ಕೂತ. ಉಳಿದ ಬೀದಿಗಳ ಮನೆಗಳಿಂದ ಬಂದ ಗಂಟುಗಳನ್ನು ಅವಳು ಬಿಚ್ಚಿದಳು. ಇದು ಬಾಣಂತಿಯದು, ಬಿಸಿಲಿನಲ್ಲೇ ಒಣಗಬೇಕು ಎಂದಳು. ಇವನಿಗೆ ಇರುವುದು ಎರಡೇ ಅಂಗಿ, ಸಂಜೆಯೊಳಗೆ ಮುಟ್ಟಬೇಕು ಎಂದಳು. ಒಂದು ಹೊದಿಕೆಯನ್ನು ಮೂಸಿ, ಈ ಮುದುಕನಿಗೆ ಜ್ವರ ಇಳಿದಿಲ್ಲ, ಇದನ್ನು ಬೇರೆಯಾಗಿ ಕುದಿಸಬೇಕು ಎಂದಳು. ಯಾರೂ ಅವಳಿಗೆ ಇದನ್ನು ಹೇಳಿರಲಿಲ್ಲ. ಅವಳು ಎಲ್ಲೂ ಬರೆದಿಟ್ಟಿರಲಿಲ್ಲ. ಅರವತ್ತು ಮನೆಗಳ ಹುಟ್ಟು, ಸಾವು, ರೋಗ, ಬಡತನ ಆ ಎರಡು ಕೈಗಳಿಗೆ ಗೊತ್ತಿತ್ತು. ತನಗೆ ಅರಿವಿಲ್ಲದೆಯೇ ಅವನು ಎದ್ದು ನಿಂತ. ಚಪ್ಪಲಿ ಕಳಚಿದ.

ಅಂದೇ ತಾನು ಕಟ್ಟಿದ್ದನ್ನು ಅಳಿಸಿದ. ಹೊಸದರಲ್ಲಿ ಅವಳು ಹೇಳುತ್ತಾಳೆ, ಫೋನ್ ಕೇಳುತ್ತದೆ. ಆಮೇಲೆ ಆ ಬೀದಿಯ ಮನೆಮನೆಗೂ ಹೋಗಿ ತಪ್ಪು ತನ್ನದೆಂದು ಹೇಳಿದ. ಗಂಟುಗಳು ಒಂದೊಂದಾಗಿ ಅವಳಿಗೆ ಮರಳಿದವು. ಸಾವಿನ ಮನೆಯದು ಮಾತ್ರ ಬರಲಿಲ್ಲ.

"ಆ ಮನೆಯವರಿಗಾಗಿ ಅವನು ಏನು ಕಟ್ಟಿಕೊಟ್ಟ, ಗುರುಗಳೇ?" ಎಂದು ಶಿಷ್ಯ ಕೇಳಿದ.

"ಹನ್ನೊಂದನೆಯ ದಿನವನ್ನು ಮತ್ತೆ ತರುವ ತಂತ್ರಾಂಶವನ್ನು ಇನ್ನೂ ಯಾರೂ ಬರೆದಿಲ್ಲ."