ಹೊಕ್ಕುಳ ಮರ್ಯಾದೆ

ನಂಬಬೇಡಿ. ಮೊದಲೇ ಹೇಳಿಬಿಡುತ್ತೇನೆ, ನಂಬಲೇಬೇಡಿ. ಹಾಲುಗಿರಿಯ ದೊರೆ ಸರ್ಜಪ್ಪನಾಯಕರ ಹೊಟ್ಟೆಯನ್ನು ನಾನು, ಬಿದರಗುಂಡಿಯ ಕೆಂಚೀರ, ಒಂದು ಬೆರಳೂ ತಾಗಿಸದೆ, ಅದೂ ಅವರಿಗೆ ಬೆನ್ನು ತಿರುಗಿಸಿ ಕೂತು ಹಗುರ ಮಾಡಿದೆ. ಸುಳ್ಳು ಅನ್ನೋರು ಈಗಲೇ ಎದ್ದು ಹೋಗಿ. ಹೋಗಲ್ಲ ಅಲ್ವಾ? ಗೊತ್ತಿತ್ತು.

ನಾಯಕರು ಒಳ್ಳೆಯವರೇ. ಆದರೆ ಹಾಸಿಗೆಯಿಂದ ಸಿಂಹಾಸನಕ್ಕೆ ಹೋಗೋದೂ ಪಲ್ಲಕ್ಕಿಯಲ್ಲಿ. ಅದರ ಮೇಲೆ ಹಬ್ಬದ ಹೋಳಿಗೆ, ಹೋಳಿಗೆಯ ಮೇಲೆ ಹಲಸಿನ ಹಣ್ಣು. ಹೊಟ್ಟೆ ಕಾಯಿಸಿದ ತಮಟೆಯ ಹಾಗೆ ಬಿಗಿದುಕೊಂಡಿತು. ಮೇಲಕ್ಕೂ ಗಾಳಿಯಿಲ್ಲ, ಕೆಳಕ್ಕೂ ಇಲ್ಲ. ಕಷಾಯ ತಂದರೆ ಲೋಟ ಎಸೆಯೋರು. ಹೊಟ್ಟೆ ನೀವೋಣ ಅಂದರೆ ಅರಮನೆಯ ಕಟ್ಟಳೆ ಅಡ್ಡ: ದೊರೆಯ ಮೈ ಒತ್ತಿದ ಕೈಯನ್ನು ಕಡಿಯಬೇಕು. ಹಿಂದೆ ಯಾವನೋ ಮೈ ಒತ್ತುವ ನೆಪದಲ್ಲಿ ಇವರ ಮುತ್ತಾತನ ಕತ್ತು ಒತ್ತಿದ್ದನಂತೆ, ಅಂದಿನಿಂದ.

ಇಂಥ ಕಟ್ಟಳೆಗಳನ್ನು ಕಾಯೋನು ಗುರಿಕಾರ ಮುದ್ದರಂಗಪ್ಪ. ಅರಮನೆಯ ಆಳುಕಾಳುಗಳು ಅವನ ಕೆಮ್ಮು ಕೇಳಿದರೂ ನಡುಗೋರು.

ಆವತ್ತು ಅಡುಗೆಮನೆಗೆ ಮೊಸರು ಕೊಡಲು ಹೋಗಿದ್ದೆ. ಒಳಗಿಂದ ನಾಯಕರ ನರಳಾಟ ಕೇಳಿಸಿತು. ನನ್ನ ಬಾಯಿ ಸುಮ್ಮನಿರುತ್ತಾ?

"ಇಷ್ಟಕ್ಕೆ ಇಷ್ಟು ರಂಪವಾ? ನಮ್ಮೂರ ಎಮ್ಮೆ ಹೊಟ್ಟೆ ಉಬ್ಬರಿಸಿಕೊಂಡರೆ ಕೆರೆ ಏರಿ ದಾಟೋದರೊಳಗೆ ಸರಿ ಮಾಡ್ತೀನಿ!"

ಹಿಂದೆಯೇ ಕೆಮ್ಮು. ಗುರಿಕಾರ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ದರ್ಬಾರಿನಲ್ಲಿ, ನಾಯಕರು ಮಲಗಿದ್ದ ಮಂಚದ ಮುಂದೆ ನಿಲ್ಲಿಸಿದ.

"ಪ್ರಭೂ, ಈ ಬಡಾಯಿಕೋರ ತಮ್ಮನ್ನು ಎಮ್ಮೆಗೆ ಹೋಲಿಸಿದ."

"ಹೌದೇನೋ?" ಅಂದರು ನಾಯಕರು.

"ಎಲ್ಲಾದರೂ ಉಂಟಾ ಬುದ್ಧಿ! ಎಮ್ಮೆ ಹೇಳಿದ ಮಾತು ಕೇಳುತ್ತೆ."

"ಅಯ್ಯಯ್ಯೋ, ನಗಿಸಬೇಡ, ನೋಯುತ್ತೆ! ಕಷಾಯ ಕುಡಿಸದೆ ವಾಸಿ ಮಾಡು, ದೊಡ್ಡ ಇನಾಮೇ ಕೊಡ್ತೀನಿ."

"ವಾಸಿ ಆಗದಿದ್ದರೆ ಬಲಗೈ ಹೋಗುತ್ತೆ. ಮೈ ಒತ್ತಿದರೂ ಹೋಗುತ್ತೆ," ಅಂದ ಗುರಿಕಾರ. ಕತ್ತಿಯವನನ್ನು ಕರೆಸಿ ಬಾಗಿಲಲ್ಲೇ ನಿಲ್ಲಿಸಿಯೂಬಿಟ್ಟ.

ಹಾಲು ಕರೆಯೋ ಕೈ ಅದು. ಅದು ಹೋದರೆ ನಾನು ಬರೀ ಬಾಯಿ. ಒಳಗೊಳಗೇ ಬೆವರಿದೆ, ಹೊರಗೆ ಮೀಸೆ ತಿರುವಿದೆ.

"ಊಟವಾಗಿ ಬಹಳ ಹೊತ್ತಾಯ್ತು ತಾನೇ? ಹಾಗಾದರೆ ಹೊಟ್ಟೆ ಮೇಲಿನ ಶಲ್ಯ ತೆಗೀರಿ ಬುದ್ಧಿ."

ತೆಗೆದರೋ ಇಲ್ಲವೋ, "ಹೊಕ್ಕುಳ ಮರ್ಯಾದೆ!" ಎಂದು ಗುರಿಕಾರ ಕೂಗಿದ. ಇಡೀ ದರ್ಬಾರು ಧಡಕ್ಕನೆ ಗೋಡೆಗೆ ಮುಖ ಮಾಡಿ ನಿಂತಿತು. ಗುರಿಕಾರನೂ ನಿಂತ. ದೊರೆಯ ಹೊಕ್ಕುಳನ್ನು ಪ್ರಜೆಗಳು ಕಾಣಬಾರದಂತೆ! ನಾನೂ ನಾಯಕರ ಮಂಚಕ್ಕೆ ಬೆನ್ನು ಕೊಟ್ಟು ಕೂತೆ. ಕೂತ ಮೇಲೆ ನೋಡಿ, ತಲೆ ಓಡಿತು.

"ಬುದ್ಧಿ," ಅಂದೆ ಪಿಸುದನಿಯಲ್ಲಿ, "ಒಳಗೆ ಗಾಳಿ ಅನ್ನೋ ಕಳ್ಳ ಸೇರಿಕೊಂಡಿದ್ದಾನೆ. ತಮ್ಮ ಸೀಮೆಯ ಕಳ್ಳನನ್ನು ತಾವೇ ಹಿಡಿಯಬೇಕು. ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳಿ. ಬಲಸೊಂಟದ ಪಕ್ಕದಿಂದ ಮೆಲ್ಲಗೆ ಮೇಲಕ್ಕೆ ಸವರಿ. ಪಕ್ಕೆಲುಬಿನ ಕೆಳಗೆ ಅಡ್ಡಕ್ಕೆ ಬನ್ನಿ. ಈಗ ಎಡಗಡೆಯಿಂದ ಇಳೀರಿ. ಮತ್ತೆ ಮೊದಲಿಂದ."

"ಜೋರಾಗಿ ಒತ್ತಲೇನೋ?" ಅವರೂ ಪಿಸುಗುಟ್ಟಿದರು.

"ಅಟ್ಟಿಸಿಕೊಂಡು ಹೋದರೆ ಕಳ್ಳ ಮೂಲೆ ಸೇರ್ತಾನೆ. ಬೆಕ್ಕಿನ ಬೆನ್ನು ಸವರಿದ ಹಾಗೆ. ಉಸಿರು ಬಿಗಿ ಹಿಡೀಬೇಡಿ, ಮೊಣಕಾಲು ಮಡಚಿಕೊಳ್ಳಿ."

ನಾಲ್ಕಾರು ಸುತ್ತಿಗೆ ಒಳಗೆ ಗುಳುಗುಳು ಶುರುವಾಯಿತು. ನಾಯಕರು ಪಿಸುಮಾತು ಮರೆತು ಕೂಗಿದರು: "ಆಹಾ! ಅಲ್ಲೇ, ಅಲ್ಲೇ! ಎಂಥಾ ಕೈಯಪ್ಪಾ ಇದು!"

ಗೋಡೆಯ ಕಡೆಯಿಂದ ಗುರಿಕಾರ ಹಲ್ಲು ಕಡಿದ ಸದ್ದು ನನಗೆ ಚೆನ್ನಾಗಿ ಕೇಳಿಸಿತು.

"ಇನ್ನು ಶಲ್ಯ ಹೊದ್ದು ಅಂಗಳದಲ್ಲಿ ನಿಧಾನಕ್ಕೆ ನಡೀರಿ ಬುದ್ಧಿ. ಹೆಬ್ಬಾಗಿಲ ಮೇಲೆ ತಾವೇ ಕೂತಿದ್ದರೆ ಕಳ್ಳ ಹೊರಗೆ ಹೋಗೋದು ಹೇಗೆ?"

ನಾಯಕರು ನಡೆದರು. ಖಾಲಿ ಪಲ್ಲಕ್ಕಿ ಹೊತ್ತವರು ಪೆಚ್ಚುಮೋರೆ ಹಾಕಿಕೊಂಡು ಹಿಂದೆ ನಡೆದರು. ಸೊಂಟ ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ ತಿರುಗಿಸಿ ಅಂದೆ, ತಿರುಗಿಸಿದರು. ಬಾವಿಯ ಹತ್ತಿರ ಬರುವಾಗ ಒಂದು ಸದ್ದಾಯಿತು. ಎಂಥ ಸದ್ದು ಅಂತ ನನ್ನ ಬಾಯಿಂದ ಹೇಳಿಸಬೇಡಿ. ಕಹಳೆ ಅಂದುಕೊಂಡ ಹೊಗಳುಭಟ ಕಣ್ಣು ಮುಚ್ಚಿ, "ಬಹುಪರಾಕ್!" ಅಂದುಬಿಟ್ಟ. ಇನ್ನೊಂದಾಯಿತು. "ಬಹುಪರಾಕ್!"

ನಾಯಕರ ಮುಖ ಅರಳಿತು. ಅಷ್ಟರಲ್ಲಿ ಗುರಿಕಾರ ಕತ್ತಿಯವನ ಸಮೇತ ಅಡ್ಡ ಬಂದ.

"ಪ್ರಭೂ, ಇವನು ಒತ್ತಿದ್ದಾನೆ! 'ಎಂಥಾ ಕೈ' ಎಂದು ತಾವೇ ಅಪ್ಪಣೆ ಕೊಡಿಸಿದಿರಿ. ಒತ್ತಿದ ಕೈ ಬೀಳಲೇಬೇಕು!"

ನಾಯಕರು ಬಾಯಿ ತೆರೆದರು. ನಾನು ಕಣ್ಣು ಮಿಟುಕಿಸಿದೆ. ಸುಮ್ಮನಾದರು.

"ಗುರಿಕಾರ್ರೇ, ಆ ಕೈ ಯಾರದೇ ಆಗಿದ್ದರೂ?" ಅಂದೆ.

"ಯಾರದೇ ಆಗಲಿ!"

"ದೊಡ್ಡ ಮನೆತನದವರ ಕೈ ಆದರೆ?"

"ಯಾವ ಮನೆತನವಾದರೇನು? ಕಟ್ಟಳೆ ಕಟ್ಟಳೆಯೇ!"

"ಒಪ್ಪಿದೆ. ಬುದ್ಧಿ, ಕೈ ಚಾಚಿ. ಪಾಪ, ಗುರಿಕಾರರು ಕಾಯ್ತಾ ಇದ್ದಾರೆ."

ನಾಯಕರು ಗಂಭೀರವಾಗಿ ತಮ್ಮ ಬಲಗೈ ಚಾಚಿದರು. ಕತ್ತಿಯವನು ಗುರಿಕಾರನ ಮುಖ ನೋಡಿದ. ಗುರಿಕಾರನ ಮುಖದಲ್ಲಿ ನೋಡೋಕೆ ಏನೂ ಉಳಿದಿರಲಿಲ್ಲ.

"ಎಡಗೈಯೂ ಮಧ್ಯೆಮಧ್ಯೆ ಸಹಾಯ ಮಾಡಿತು ಗುರಿಕಾರ್ರೇ," ಅಂದೆ. "ಅದನ್ನು ಮಣಿಕಟ್ಟಿನವರೆಗೆ ತೆಗೀತೀರೋ, ಮೊಣಕೈವರೆಗೋ?"

ನಾಯಕರು ಬಾವಿಯ ಕಟ್ಟೆ ಹಿಡಿದುಕೊಂಡು ನಕ್ಕರು. ನಗುವಿನ ನಡುವೆ ಮತ್ತೊಂದು ಬಹುಪರಾಕ್ ಆಯಿತು. ಗುರಿಕಾರ ಕಾಲಿಗೆ ಬಿದ್ದ.

"ಏನು ಬೇಕೋ ನಿನಗೆ?" ಅಂದರು ನಾಯಕರು, ಕಣ್ಣೊರೆಸಿಕೊಂಡು.

"ಗುರಿಕಾರಿಕೆ."

"ಆಗಲ್ಲ. ನಿನ್ನನ್ನು ದಿನಾ ಒಳಗಿಟ್ಟುಕೊಂಡರೆ ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಗುತ್ತೆ. ಆಮೇಲೆ ಅದಕ್ಕೆ ಯಾರನ್ನು ಹುಡುಕಲಿ?"

ಬಿದರಗುಂಡಿ ಕೆರೆಯ ಹಿಂದಿನ ಹುಲ್ಲುಗಾವಲನ್ನು ನನಗೆ ಕೊಟ್ಟರು.