ನೀಲವ್ವನ ತೊಟ್ಟಿಲು, ಅಕ್ಷತೆಯ ಕಾಳು

ಕೂತಿರಾ? ಬೆನ್ನು ನೆಟ್ಟಗಿರಲಿ. ನಡುವೆ ಎದ್ದರೆ ಕತೆಯೂ ಎದ್ದು ಹೋಗುತ್ತದೆ.

ಒಂದು ಊರು. ಊರಲ್ಲಿ ನೀಲವ್ವ ಬಡಿಗೇರ. ಮರದ ಕೆಲಸ ಅವಳ ಕೆಲಸ. ಅವಳ ಅಣ್ಣನಿಗೊಂದು ಹೆಣ್ಣು ಕೂಸು. ಕೂಸಿಗೆ ಇನ್ನೂ ಹೆಸರಿಲ್ಲ.

ಇವತ್ತು ಸಂಜೆ ಹೆಸರಿಡಬೇಕು. ಕೂಸನ್ನು ತೊಟ್ಟಿಲಿಗೆ ಹಾಕಬೇಕು. ಸೋದರತ್ತೆ ಕಿವಿಯಲ್ಲಿ 'ಕುರ್ರ್' ಅನ್ನಬೇಕು, ಹೆಸರು ಕೂಗಬೇಕು. ಸೋದರತ್ತೆ ಯಾರು? ನೀಲವ್ವ! ತೊಟ್ಟಿಲು ಮಾಡುವವಳು ಯಾರು? ಅವಳೂ ನೀಲವ್ವ!

ತೊಟ್ಟಿಲಿಗೆ ಕಾಲು ಆಯಿತು. ಸುತ್ತ ಕಟಕಟೆ ಆಯಿತು. ತಳ ಮಾತ್ರ ಉಳಿಯಿತು. ಎರಡು ಹಲಗೆ ಕೂಡಿದರೆ ತಳ.

ನೀಲವ್ವ ರಂದಾ ಮಷೀನು ಹಚ್ಚಿದಳು. ಮರದ ಅಂಚು ಹೆರೆಯುವ ಮಷೀನು. ಗರ್ರ್! ಒಂದು ಹಲಗೆ ಹೆರೆದಳು. ಗರ್ರ್! ಇನ್ನೊಂದು ಹೆರೆದಳು. ಎರಡನ್ನೂ ಜೋಡಿಸಿದಳು. ಮೇಲೆ ಕೂಡಿತು. ಕೆಳಗೆ ಬಾಯಿ ಬಿಟ್ಟಿತು!

ಮೂಲೆ ನೇರವೇ ಎಂದು ತೋರಿಸುವ ಮೂಲೆಮಟ್ಟ ಇಟ್ಟು ನೋಡಿದಳು. ಅಂಚು ಓರೆ. ನೇರ ಮೂಲೆ ಕಾಣೆ!

ಒಳಗಿಂದ ಅವ್ವ ಕೂಗಿದಳು. "ಏ ನೀಲಿ, ಆತೇನ? ಕೂಸು ಒಂದೇ ಸಮ ಅಳಾಕತ್ತೈತಿ!"

"ಇಲ್ಲವ್ವಾ. ಮೂಲೆ ಕಳದೈತಿ."

"ಮೂಲೆ ಕಳೀತೈತಾ? ಮನ್ಯಾಗ ನಾಕು ಅದಾವ, ಒಂದು ಒಯ್ಯಿ!"

ನೀಲವ್ವ ನಗಲಿಲ್ಲ. ಹಲಗೆಯ ಹತ್ತಿರ ಹೋದಳು.

"ಹಲಗೆ, ಹಲಗೆ, ನೆಟ್ಟಗೆ ಕೂಡು. ತೊಟ್ಟಿಲಾಗದು. ಕೂಸಿಗೆ ಹೆಸರಾಗದು."

"ಒಲ್ಲೆ," ಅಂದಿತು ಹಲಗೆ. "ಅಲಗು ನನ್ನನ್ನು ಓರೆ ಹೆರೆಯಿತು. ಅಲಗನ್ನೇ ಕೇಳು."

ನೀಲವ್ವ ಮಷೀನಿನ ಅಲಗಿನ ಹತ್ತಿರ ಹೋದಳು.

"ಅಲಗೇ, ಅಲಗೇ, ನೇರ ಹೆರೆ. ಹಲಗೆ ಕೂಡದು. ತೊಟ್ಟಿಲಾಗದು. ಕೂಸಿಗೆ ಹೆಸರಾಗದು."

"ಒಲ್ಲೆ," ಅಂದಿತು ಅಲಗು. "ಕೂದಲು ತಾ, ಸೀಳಿ ತೋರಿಸ್ತೀನಿ! ತಪ್ಪು ನನ್ನದಲ್ಲ. ಪಟ್ಟಿ ವಾಲಿದೆ. ಪಟ್ಟಿಯನ್ನೇ ಕೇಳು."

ಅಲಗಿನ ಪಕ್ಕದಲ್ಲಿ ಕಬ್ಬಿಣದ ಪಟ್ಟಿ. ಹಲಗೆ ಅದಕ್ಕೆ ಒರಗಿಯೇ ಸಾಗಬೇಕು. ಅದು ವಾಲಿದರೆ ಹಲಗೆಯೂ ವಾಲುತ್ತದೆ.

"ಪಟ್ಟಿ, ಪಟ್ಟಿ, ನೇರ ನಿಲ್ಲು. ಅಲಗು ಹೆರೆಯದು. ಹಲಗೆ ಕೂಡದು. ತೊಟ್ಟಿಲಾಗದು. ಕೂಸಿಗೆ ಹೆಸರಾಗದು."

"ಹೆಂಗ ನಿಲ್ಲಲಿ?" ಅಂದಿತು ಪಟ್ಟಿ. "ನನ್ನ ಬುಡದಲ್ಲಿ ಕಾಳೊಂದು ಕೂತಿದೆ. ಕಾಳನ್ನೇ ಕೇಳು."

ನೀಲವ್ವ ಬಗ್ಗಿ ನೋಡಿದಳು. ಹೌದು! ಒಂದು ಅಕ್ಕಿಕಾಳು. ಅರಿಸಿನ ಹಚ್ಚಿದ ಕಾಳು. ನಿನ್ನೆ ಆಯುಧಪೂಜೆ. ಮಷೀನಿಗೆ ಹೂವು ಏರಿಸಿದ್ದರು, ಕುಂಕುಮ ಹಚ್ಚಿದ್ದರು, ಅಕ್ಷತೆ ಹಾಕಿದ್ದರು. ಹಿಡಿ ತುಂಬ ಅಕ್ಷತೆ ಹಾಕಿದವರು ಯಾರು? ನೀಲವ್ವ!

ಪಟ್ಟಿಯ ಬೋಲ್ಟು ಸಡಿಲಿಸಿದಳು. ಕಾಳು ಇನ್ನೂ ಒಳಗೆ ಸರಿಯಿತು. ಬೆರಳು ಹಾಕಿದಳು. ಬೆರಳು ಹಿಡಿಸಲಿಲ್ಲ.

"ಕಾಳೇ, ಕಾಳೇ, ಎದ್ದು ಬಾ. ಪಟ್ಟಿ ನಿಲ್ಲದು. ಅಲಗು ಹೆರೆಯದು. ಹಲಗೆ ಕೂಡದು. ತೊಟ್ಟಿಲಾಗದು. ಕೂಸಿಗೆ ಹೆಸರಾಗದು."

"ಒಲ್ಲೆ," ಅಂದಿತು ಕಾಳು. "ನಾನು ದೇವರ ಅಕ್ಷತೆ. ಬಾ ಅಂದ ಕೂಡಲೇ ಬರೋದಕ್ಕೆ ಕಡಲೆಕಾಳೇನು ನಾನು?"

ನೀಲವ್ವ ಕಸಬರಿಗೆಯ ಹತ್ತಿರ ಹೋದಳು.

"ಕಸಬರಿಗೆ, ಕಸಬರಿಗೆ, ಗುಡಿಸಿ ತೆಗೆ. ಕಾಳು ಏಳದು. ಪಟ್ಟಿ ನಿಲ್ಲದು. ಅಲಗು ಹೆರೆಯದು. ಹಲಗೆ ಕೂಡದು. ತೊಟ್ಟಿಲಾಗದು. ಕೂಸಿಗೆ ಹೆಸರಾಗದು."

"ಅಯ್ಯಯ್ಯೋ, ಒಲ್ಲೆ!" ಅಂದಿತು ಕಸಬರಿಗೆ. "ಅಕ್ಷತೆಗೆ ಕಸಬರಿಗೆ ಮುಟ್ಟಿಸ್ತಾರೇನು? ಅವ್ವ ನನ್ನ ಕಡ್ಡಿ ಕಡ್ಡಿ ಮುರೀತಾಳ!"

ನೀಲವ್ವ ಕೋಳಿಯ ಹತ್ತಿರ ಹೋದಳು.

"ಕೋಳಿ, ಕೋಳಿ, ಕುಕ್ಕಿ ತೆಗೆ. ಕಸಬರಿಗೆ ಗುಡಿಸದು. ಕಾಳು ಏಳದು. ಪಟ್ಟಿ ನಿಲ್ಲದು. ಅಲಗು ಹೆರೆಯದು. ಹಲಗೆ ಕೂಡದು. ತೊಟ್ಟಿಲಾಗದು. ಕೂಸಿಗೆ ಹೆಸರಾಗದು."

ಕೋಳಿ ಒಂದು ಕಣ್ಣು ಮುಚ್ಚಿ ನೋಡಿತು. "ಒಲ್ಲೆ. ಕೊಕ್ಕು ದಪ್ಪ, ಸಂದಿ ಸಣ್ಣ. ಕೊಕ್ಕು ಮುರಿದರೆ ನೀನು ಹೊಲಿದು ಕೊಡ್ತೀಯಾ?"

"ನೀಲೀ! ಹೊತ್ತು ಇಳೀತು! ಮಂದಿ ಬಂದ್ರು!" ಅವ್ವ ಮತ್ತೆ ಕೂಗಿದಳು.

ನೀಲವ್ವನ ಕಣ್ಣು ತುಂಬಿತು. ಹೊಸ್ತಿಲ ಮೇಲೆ ಕುಕ್ಕರಿಸಿದಳು. ಕಾಲ ಬಳಿ ಒಂದು ಇರುವೆ.

"ಇರುವೆ, ಇರುವೆ, ಹೊತ್ತು ತಾ. ಕೋಳಿ ಕುಕ್ಕದು. ಕಸಬರಿಗೆ ಗುಡಿಸದು. ಕಾಳು ಏಳದು. ಪಟ್ಟಿ ನಿಲ್ಲದು. ಅಲಗು ಹೆರೆಯದು. ಹಲಗೆ ಕೂಡದು. ತೊಟ್ಟಿಲಾಗದು. ಕೂಸಿಗೆ ಹೆಸರಾಗದು."

ಇರುವೆ 'ಒಲ್ಲೆ' ಅನ್ನಲಿಲ್ಲ. ಸರಸರ ಮಷೀನು ಹತ್ತಿತು. ಸಂದಿಗೆ ಇಳಿಯಿತು.

"ಏಳು, ಹೋಗೋಣ," ಅಂದಿತು.

"ಅಕ್ಷತೆ ಇರೋದು ತಲೆಯ ಮೇಲೆ," ಅಂದಿತು ಕಾಳು. "ನಿನಗೆ ತಲೆ ಇದೆಯೇನು?"

"ಇದೆ," ಅಂದಿತು ಇರುವೆ. "ಸಣ್ಣದು. ಆದರೆ ಇದೆ."

ಕಾಳು ಯೋಚಿಸಿತು. ತಲೆ ಅಂದರೆ ತಲೆ! ಹತ್ತಿ ಕೂತಿತು. ಇರುವೆ ಹೊತ್ತು ಹೊರಟಿತು. ಕೋಳಿ ದಾರಿ ಬಿಟ್ಟಿತು. ಕಸಬರಿಗೆ ಬದಿಗೆ ಸರಿಯಿತು.

ಇರುವೆ ಹೊತ್ತಿತು. ಕಾಳು ಎದ್ದಿತು. ಪಟ್ಟಿ ನಿಂತಿತು. ನೀಲವ್ವ ಬೋಲ್ಟು ಬಿಗಿದಳು. ಅಲಗು ಹೆರೆಯಿತು. ಗರ್ರ್! ಗರ್ರ್! ಮೂಲೆಮಟ್ಟ ಇಟ್ಟಳು. ಮೂಲೆ ಸಿಕ್ಕಿತು! ಹಲಗೆ ಕೂಡಿತು. ಬೆಳಕಿಗೆ ಹಿಡಿದಳು. ಒಂದೆಳೆ ಬೆಳಕೂ ನುಸುಳಲಿಲ್ಲ! ತೊಟ್ಟಿಲಾಯಿತು!

"ಅವ್ವಾ, ಕೂಸಿನ್ನ ತಾ!"

ಕೂಸನ್ನು ತೊಟ್ಟಿಲಿಗೆ ಹಾಕಿದರು. ನೀಲವ್ವ ಬಗ್ಗಿದಳು. ಅತ್ತೆ ಹೆಸರು ಕೂಗುವಾಗ ಎಲ್ಲರೂ ಅವಳ ಬೆನ್ನಿಗೆ ಗುದ್ದಬೇಕು. ಅದು ಆ ಊರ ಪದ್ಧತಿ. ಎಲ್ಲರೂ ಮುಷ್ಟಿ ಕಟ್ಟಿ ನಿಂತರು.

"ಕುರ್ರ್... ಚಂಪಾವತೀ!"

ಗುದ್ದು! ಗುದ್ದು! ಗುದ್ದು! ಅಣ್ಣ ಗುದ್ದಿದ. ಅತ್ತಿಗೆ ಗುದ್ದಿದಳು. ಎಲ್ಲರಿಗಿಂತ ಜೋರಾಗಿ ಅವ್ವ ಗುದ್ದಿದಳು. ನೀಲವ್ವ ಬಿದ್ದು ಬಿದ್ದು ನಕ್ಕಳು.

ಕೂಸಿಗೆ ಹೆಸರಾಯಿತು.

ಚಂಪಾವತಿ ಮಲಗಿದಳು. ನೀವೂ ಮಲಗಿ.